ಕ್ಯಾಮೆರಾ ಮುಂದೆ ಕೆಡದ ಯಂತ್ರ

ಹಾಸನಕ್ಕೆ ಬಡವರ ಊಟಿ ಅಂತ ಹೆಸರು. ಡಿಸೆಂಬರ್‌ನಲ್ಲಿ ಬೆಳಗ್ಗೆ ಹತ್ತು ಗಂಟೆಯಾದರೂ ನಮ್ಮ ಮನೆಯಲ್ಲಿ ಯಾರೂ ಸ್ವೆಟರ್ ಬಿಚ್ಚುವುದಿಲ್ಲ. ಅಂಥ ಊರಲ್ಲಿ ಕೂತವನಿಗೆ ಕಸ್ಟಮರ್ ಕೇರ್ ಹುಡುಗಿ ಕೇಳಿದ ಮೊದಲ ಪ್ರಶ್ನೆ, "ಸರ್, ರೂಮ್ ತುಂಬಾ ಬಿಸಿ ಇದೆಯಾ?"

ಬಿಸಿ ಇದ್ದದ್ದು ಮಗನ ಗೇಮ್ ಕನ್ಸೋಲ್. ಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಒಳಗಿನ ಫ್ಯಾನ್ ಗೊರಗೊರ ಅನ್ನುತ್ತಿತ್ತು, ಆಮೇಲೆ ತಾನಾಗೇ ಆಫ್. ಫ್ಯಾನ್ ಸರಿಯಾಗಿ ತಿರುಗದಿದ್ದರೆ ಚಿಪ್ ಕಾಯುತ್ತದಂತೆ. ಜಾಸ್ತಿ ಕಾದರೆ ಸುಟ್ಟುಹೋಗದಿರಲಿ ಅಂತ ಯಂತ್ರವೇ ಆಫ್ ಆಗಿಬಿಡುತ್ತದಂತೆ. ಹೀಗಂತ ವಿವರಿಸಿದವನು ಮಗ. ಗಣಿತದ ಪುಸ್ತಕ ತೆರೆದರೆ ಅವನೂ ಹಾಗೇ.

ಸೀರಿಯಲ್ ನಂಬರ್ ಬೇಕು ಅಂದಳು. ಅದು ಕನ್ಸೋಲಿನ ತಳದಲ್ಲಿ, ಕಪ್ಪು ಪ್ಲಾಸ್ಟಿಕ್ ಮೇಲೆ ಬೂದು ಅಕ್ಷರದಲ್ಲಿತ್ತು. ಯಾರಿಗೂ ಕಾಣಬಾರದು ಅಂತಲೇ ಬರೆದ ಹಾಗಿತ್ತು. ನನ್ನ ಹೆಂಡತಿ ಟಾರ್ಚ್ ಹಿಡಿದಳು, ನಾನು ಓದಿದೆ.

"ಬಿ."

"ಡಿ ಫಾರ್ ಡೆಲ್ಲಿನಾ ಸರ್?"

"ಅಲ್ಲಮ್ಮ, ಬಿ ಫಾರ್ ಬೇಲೂರು."

ಬೇಲೂರು, ಹಳೇಬೀಡು, ಸಕಲೇಶಪುರ, ಅರಕಲಗೂಡು ಎಲ್ಲ ಸುತ್ತಿ ಬಂದೆವು. ಅದು ಸೊನ್ನೆಯೋ 'ಓ' ಅಕ್ಷರವೋ ಅನ್ನುವಲ್ಲಿಗೆ ಬಂದಾಗ ಕರೆ ಕಟ್ಟಾಯಿತು. ಮತ್ತೆ ಮಾಡಿದರೆ ಬೇರೆ ಹುಡುಗಿ. ಮತ್ತೆ ಬೇಲೂರಿನಿಂದ ಶುರು.

ನಿಮ್ಮೂರಲ್ಲಿ ನಮ್ಮ ಸರ್ವಿಸ್ ಸೆಂಟರ್ ಇಲ್ಲ, ಬೆಂಗಳೂರಿಗೇ ಕಳಿಸಬೇಕು ಅಂದಳು ಆ ಇನ್ನೊಬ್ಬಳು. ನನಗೆ ಸ್ವಲ್ಪ ಅವಮಾನವೇ ಆಯಿತು. ನಮ್ಮ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳ ನಿಯಂತ್ರಣ ಕೇಂದ್ರ ಇದೆ. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹ ಅತ್ತಿತ್ತ ಸರಿಯದ ಹಾಗೆ ಅಲ್ಲಿ ಕೂತೇ ನೋಡಿಕೊಳ್ಳುತ್ತಾರೆ. ಅಂಥ ಊರಲ್ಲಿ ಒಂದು ಗೇಣುದ್ದದ ಫ್ಯಾನ್ ಬದಲಿಸುವವರಿಲ್ಲ ಅಂದರೆ ಹೇಗೆ?

ಕಳಿಸುವ ಮೊದಲು ವಿಡಿಯೋ ಬೇಕಂತೆ. ಸೀರಿಯಲ್ ನಂಬರೂ ಕಾಣಬೇಕು, ಕೆಡುವುದೂ ಕಾಣಬೇಕು, ಮಧ್ಯೆ ಕಟ್ ಇರಬಾರದು. ಮಗ ಟ್ಯೂಷನ್‌ಗೆ ಹೋಗಿದ್ದ. ಆಡುವುದಕ್ಕೆ ಯಾರಾದರೂ ಬೇಕಲ್ಲ, ಅಮ್ಮನನ್ನು ಕೂರಿಸಿದೆ. ಕ್ರಿಕೆಟ್ ಗೇಮ್. ಅಮ್ಮ ಕನ್ನಡಕ ಏರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೇ ಬಟನ್ನನ್ನು ಚಟಚಟ ಒತ್ತತೊಡಗಿದರು. ನಾನು ಫೋನ್ ಹಿಡಿದು ನಿಂತೆ. ಯಂತ್ರ ಕೆಡಲಿಲ್ಲ. ಗೊರಗೊರ ಸದ್ದೂ ಇಲ್ಲ. ಅಮ್ಮನಿಗೆ ಅರ್ಧಶತಕ ಆಯಿತು. ನನ್ನ ಕೈ ಮರಗಟ್ಟಿತು. "ಏನೋ, ಇದು ಚೆನ್ನಾಗೇ ಇದೆಯಲ್ಲೋ" ಅಂತ ಅಮ್ಮ ಸಿಕ್ಸ್ ಹೊಡೆದರು. ಕೊನೆಗೆ ಸೆಂಚುರಿ. ಪಟಾಕಿ ಸಿಡಿದು ಅಂಕಪಟ್ಟಿಯಲ್ಲಿ ಹೆಸರು ಬಂತು. ಅಷ್ಟರಲ್ಲಿ ನನ್ನ ಫೋನ್ ಸ್ಟೋರೇಜ್ ಫುಲ್ ಅಂದು ವಿಡಿಯೋ ನಿಲ್ಲಿಸಿತು. ಮುಂದಿನ ಬಾಲ್‌ಗೇ ಕನ್ಸೋಲ್ ಆಫ್.

ಮಾರನೆಯ ದಿನ ಫೋನಿನಲ್ಲಿದ್ದ ಗುಡ್ ಮಾರ್ನಿಂಗ್ ಫೋಟೊಗಳನ್ನೆಲ್ಲ ಅಳಿಸಿ, ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟು ಎಲ್ಲರೂ ಅಡುಗೆಮನೆಗೆ ಹೋದೆವು. ಯಾರೂ ನೋಡುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಅದು ನೆಮ್ಮದಿಯಾಗಿ ಕೆಟ್ಟಿತು.

ಇನ್ನು ಡಬ್ಬ. ಕೊಂಡಾಗ ಬಂದ ಡಬ್ಬದಲ್ಲೇ, ಅದರದ್ದೇ ಥರ್ಮಾಕೋಲ್ ಇಟ್ಟು ಕಳಿಸಬೇಕಂತೆ. ಡಬ್ಬವೇನೋ ಅಟ್ಟದ ಮೇಲೆ ಸಿಕ್ಕಿತು, ಆದರೆ ಖಾಲಿ ಇರಲಿಲ್ಲ. ಅಮ್ಮ ಅದರ ತುಂಬ ಹಲಸಿನ ಹಪ್ಪಳ ಜೋಡಿಸಿದ್ದರು. ಗಟ್ಟಿ ಡಬ್ಬ, ಹಪ್ಪಳ ಮುರಿಯಲ್ಲ ಅಂತ. ಹಪ್ಪಳಕ್ಕೆ ಬೇರೆ ಜಾಗ ಹುಡುಕುವುದಕ್ಕೇ ಒಂದು ಸಂಜೆ ಹೋಯಿತು. ಕೊರಿಯರ್ ಹುಡುಗ ಡಬ್ಬ ಮೂಸಿ, "ಎಲೆಕ್ಟ್ರಾನಿಕ್ ಐಟಮ್ಮಾ ಸರ್?" ಅಂತ ಎರಡು ಸಲ ಕೇಳಿದ.

ಹೋದ ಮೇಲೆ ಮೌನ. ಫೋನ್ ಮಾಡಿದಾಗಲೆಲ್ಲ "ಪ್ರೋಸೆಸ್‌ನಲ್ಲಿದೆ". ಪಕ್ಕದ ಮನೆಯ ವಕೀಲರು ಕಾಫಿ ಕುಡಿಯುತ್ತಾ ದಾರಿ ಹೇಳಿಕೊಟ್ಟರು. 1915ಕ್ಕೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ತಾರೆ. ಅದಕ್ಕೂ ಬಗ್ಗದಿದ್ದರೆ ಇಲ್ಲೇ ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಹಾಕಿ, 2019ರ ಕಾಯ್ದೆಯಲ್ಲಿ ನಾವಿರುವ ಊರಲ್ಲೇ ಹಾಕುವುದಕ್ಕೆ ಅವಕಾಶ ಇದೆ, ಬೆಂಗಳೂರಿಗೆ ಅಲೆಯಬೇಕಿಲ್ಲ. ನಾನು 1915ಕ್ಕೆ ದೂರು ಕೊಟ್ಟೆ. ಅದರಿಂದಲೋ ಹಪ್ಪಳದ ವಾಸನೆ ತಡೆಯಲಾರದೆಯೋ, ಕಂಪನಿಯವರು ರಿಪೇರಿಯ ಗೋಜಿಗೇ ಹೋಗದೆ ಬೇರೆ ಕನ್ಸೋಲ್ ಕಳಿಸಿದರು. ವಾರಂಟಿ ಮಾತ್ರ ಹೊಸದಲ್ಲ, ಹಳೆಯದರಲ್ಲಿ ಉಳಿದಷ್ಟೇ.

ಮಗನಿಗೆ ಹಬ್ಬ. ಅಮ್ಮ ಬಂದು ಅಂಕಪಟ್ಟಿ ತೆಗೆಸಿದರು. ಖಾಲಿ. ಆಟದ ಲೆಕ್ಕವೆಲ್ಲ ಹಳೆಯ ಕನ್ಸೋಲಿನೊಳಗೇ ಇತ್ತು, ಅದರ ಜೊತೆಗೇ ಹೋಯಿತು ಅಂತ ಮಗ ಬಿಡಿಸಿ ಹೇಳಿದ.

"ಅಂದ್ರೆ ನನ್ನ ಸೆಂಚುರಿ?"

"ಹೋಯ್ತು ಅಜ್ಜಿ."

ಅಮ್ಮ ನನ್ನ ಕಡೆ ತಿರುಗಿ ಕೈ ಚಾಚಿದರು. "ಫೋನ್ ಕೊಡೋ ಇಲ್ಲಿ. ಅದೇನೋ ನಂಬರ್ ಅಂದ್ಯಲ್ಲ, ಹತ್ತೊಂಬತ್ತು ಹದಿನೈದು, ನಾನೇ ಮಾತಾಡ್ತೀನಿ."