ಕುದುರೆಗೂ ಚೇಣಿ ಲೆಕ್ಕವೇ

"ಯಾವ ಕುದುರೆ ಹೊಡೆಯುತ್ತೆ ಹೇಳು ಮಾರಾಯ" ಅಂತ ಕೇಳುವವರಿಗೆ ನಾನು ಈಚೆಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ಗೊತ್ತಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಗೊತ್ತಿದ್ದೂ ಬಾಯಿ ಬಿಡುತ್ತಿಲ್ಲ ಅಂದುಕೊಳ್ಳುತ್ತಾರೆ. ನಿನ್ನೆ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ, ಗೆಳೆಯನೊಬ್ಬ ಫೋನ್ ಮುಂದೆ ಹಿಡಿದು ಭಾನುವಾರದ ರೇಸ್ ಕಾರ್ಡ್, ಅಂದರೆ ಯಾವ ರೇಸಿನಲ್ಲಿ ಯಾವ ಕುದುರೆ ಓಡುತ್ತದೆ ಅನ್ನುವ ಪಟ್ಟಿ, ತೋರಿಸಿದ. ಏಳು ರೇಸು. ಏಳಕ್ಕೂ ಒಂದೊಂದು ನಂಬರ್ ಬೇಕಂತೆ. ಅದೂ ಬೇಗ ಬೇಕಂತೆ, ಯಾವುದೋ ಮದುವೆಗೆ ಲೇಟಾಗುತ್ತಿತ್ತು ಅವನಿಗೆ. ಅವನಿಗೆ ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತಿದ್ದರೆ ಓದಿ.

ಮೊದಲು ಅಡಿಕೆ ವಿಷಯ. ನಮ್ಮ ಸೋದರಮಾವ ತರೀಕೆರೆ ಕಡೆ ತೋಟ ಚೇಣಿ ಹಿಡಿಯುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಫಸಲು ಇನ್ನೂ ಮರದ ಮೇಲಿರುವಾಗಲೇ ಇಡೀ ತೋಟಕ್ಕೆ ಇಷ್ಟು ಅಂತ ಮಾತಾಡಿಕೊಳ್ಳುವುದು. ಆಮೇಲೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಲಾಭ, ನಷ್ಟ ಎಲ್ಲ ಚೇಣಿ ಹಿಡಿದವನದ್ದು. ಮಾವ ತೋಟದೊಳಗೆ ಹೋದರೆ ಒಂದು ಗಂಟೆ ಮಾತೇ ಇಲ್ಲ. ಕತ್ತು ಮೇಲೆತ್ತಿಕೊಂಡು ಸಾಲು ಸಾಲು ನಡೆಯುವುದು, ಅಲ್ಲೊಂದು ಇಲ್ಲೊಂದು ಮರದ ಗೊನೆ ಎಣಿಸುವುದು, ಉದುರಿದ ಕಾಯಿ ಎತ್ತಿ ಕೊಳೆ ಬಿದ್ದಿದೆಯಾ ನೋಡುವುದು. ಒಂದು ಸಲ ಒಳ್ಳೇ ಗೊನೆ ತೂಗುತ್ತಿದ್ದ ತೋಟವನ್ನು ಬಿಟ್ಟು ಹೊರಟರು. ನಾನಿನ್ನೂ ಹುಡುಗ. "ಅಷ್ಟು ಚೆನ್ನಾಗಿದೆಯಲ್ಲ ಮಾವ, ಯಾಕೆ ಬಿಟ್ರಿ?" ಅಂದೆ. "ತೋಟ ಚೆನ್ನಾಗಿದೆ ಕಣೋ. ಅವರು ಹೇಳೋ ರೇಟು ಚೆನ್ನಾಗಿಲ್ಲ" ಅಂದರು.

ರೇಸ್ ಕಾರ್ಡ್ ಓದುವುದೂ ಇದೇ ಕೆಲಸ. ಕುದುರೆ ಚೆನ್ನಾಗಿದೆಯಾ ಅಂತ ಕೇಳುವುದು ಅರ್ಧ ಪ್ರಶ್ನೆ. ಎಷ್ಟಕ್ಕೆ ಚೆನ್ನಾಗಿದೆ ಅನ್ನುವುದು ಪೂರ್ತಿ ಪ್ರಶ್ನೆ.

ಲೆಕ್ಕ ಸುಲಭ ಇದೆ. ಟೋಟ್ ಅಂದರೆ ಎಲ್ಲರೂ ಹಾಕಿದ ದುಡ್ಡನ್ನು ಒಟ್ಟು ಮಾಡಿ ಗೆದ್ದವರಿಗೆ ಹಂಚುವ ವ್ಯವಸ್ಥೆ. ಟೋಟ್‌ನಲ್ಲಿ ಹತ್ತು ರೂಪಾಯಿ ಟಿಕೆಟ್ಟಿಗೆ 20 ಬರುತ್ತದೆ ಅಂದರೆ ಜನ ಆ ಕುದುರೆಗೆ ನೂರಕ್ಕೆ 50 ಅವಕಾಶ ಕೊಟ್ಟಿದ್ದಾರೆ ಅಂತ ಅರ್ಥ. 25 ಬಂದರೆ 40. 40 ಬಂದರೆ 25. 100 ಬಂದರೆ ಬರೀ 10. ಕ್ಲಬ್ಬಿನ ಪಾಲು, ತೆರಿಗೆ ಎಲ್ಲ ಸದ್ಯಕ್ಕೆ ಪಕ್ಕಕ್ಕಿಡಿ, ಆ ಗೋಳು ಆಮೇಲೆ ಬರುತ್ತದೆ. ನಾನು ಮಾಡುವುದಿಷ್ಟೇ: ರೇಟು, ಅಂದರೆ ಗೆದ್ದರೆ ಹತ್ತಕ್ಕೆ ಎಷ್ಟು ಬರುತ್ತದೆ ಅನ್ನುವುದು, ನೋಡುವ ಮೊದಲೇ ಪೆನ್ಸಿಲ್ ತಗೊಂಡು ಪ್ರತಿ ಕುದುರೆ ಮುಂದೆ ನನ್ನ ಅಂದಾಜು ಬರೆಯುತ್ತೇನೆ. ಎಲ್ಲ ಕೂಡಿದರೆ ನೂರೇ ಆಗಬೇಕು. ಇದೊಂದು ಶಿಸ್ತು ಸಾಕು, ಎಷ್ಟೋ ಹುಚ್ಚು ಇಳಿದುಹೋಗುತ್ತದೆ. ಸುಮ್ನೆ ಬಾಯಿಮಾತಲ್ಲಿ ಒಂದಕ್ಕೆ 60, ಇನ್ನೊಂದಕ್ಕೆ 50, ಮತ್ತೊಂದು "ಅದನ್ನೂ ಬಿಡೋಕಾಗಲ್ಲ ಗುರೂ" ಅಂತ 30 ಕೊಟ್ಟುಬಿಡುತ್ತೇವೆ. ಕಾಗದದ ಮೇಲೆ ಹಾಗೆ ದಾನ ಮಾಡಲಾಗುವುದಿಲ್ಲ. ಒಂದಕ್ಕೆ ಕೊಟ್ಟರೆ ಇನ್ನೊಂದರಿಂದ ಕಿತ್ತುಕೊಳ್ಳಲೇಬೇಕು.

ಅಂದಾಜು ಎಲ್ಲಿಂದ ಬರುತ್ತದೆ? ಮೊದಲು ತೂಕದಿಂದ. ಬೆಂಗಳೂರಿರಲಿ ಮೈಸೂರಿರಲಿ, ದಿನದ ಹೆಚ್ಚಿನ ರೇಸುಗಳು ಹ್ಯಾಂಡಿಕ್ಯಾಪ್ ರೇಸುಗಳು, ಅಂದರೆ ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತೂಕ ಹೊರಿಸುವ ರೇಸುಗಳು. ಪ್ರತಿ ಕುದುರೆಗೂ ಹಿಂದಿನ ಓಟ ನೋಡಿ ಕೊಟ್ಟ ಒಂದು ರೇಟಿಂಗ್ ಇರುತ್ತದೆ. 20ರಿಂದ 45ರವರೆಗಿನವು ಒಂದು ಕ್ಲಾಸು, 40ರಿಂದ 65 ಅದರ ಮೇಲಿನ ಕ್ಲಾಸು, ಹೀಗೆ. ರೇಟಿಂಗ್‌ನ ಒಂದೊಂದು ಪಾಯಿಂಟಿಗೆ ಅರ್ಧ ಕೆಜಿ. ಮೇಲಿರುವ ಕುದುರೆ 60 ಕೆಜಿ ಹೊತ್ತರೆ ಅದಕ್ಕಿಂತ ಹತ್ತು ಪಾಯಿಂಟ್ ಕೆಳಗಿರುವುದು 55 ಹೊರುತ್ತದೆ. ಜಾಕಿ ಹಗುರ ಇದ್ದರೆ ಜೀನಿಗೆ ಸೀಸದ ತುಂಡು ಸೇರಿಸುತ್ತಾರೆ. ಎಲ್ಲ ಕುದುರೆಗಳೂ ಒಟ್ಟಿಗೇ ಗುರಿ ಮುಟ್ಟಬೇಕು ಅನ್ನುವುದೇ ಹ್ಯಾಂಡಿಕ್ಯಾಪರ್ ಆಸೆ. ಅಂದರೆ ನಿಮಗೆ ಗೆಲ್ಲುವ ಕುದುರೆ ಸಿಗದ ಹಾಗೆ ಮಾಡುವುದಕ್ಕೇ ಒಬ್ಬರು ಅಲ್ಲಿ ಸಂಬಳ ತಗೊಂಡು ಕೂತಿದ್ದಾರೆ! ಅವರ ಲೆಕ್ಕ ಎಲ್ಲಿ ಹಿಂದೆ ಬಿದ್ದಿದೆ ಅಂತ ಹುಡುಕುವುದೇ ನಮ್ಮ ಆಟ. ಸಾಮಾನ್ಯವಾಗಿ ಹಿಂದೆ ಬೀಳುವುದು ಎಳೆ ಕುದುರೆಗಳ ವಿಷಯದಲ್ಲಿ. ಮೂರು ವರ್ಷದ್ದು, ಮೂರೋ ನಾಲ್ಕೋ ಓಟ ಓಡಿದ್ದು, ತಿಂಗಳಿಗೊಂದು ಮೆಟ್ಟಿಲು ಏರುತ್ತಿರುವುದು. ಅದರ ರೇಟಿಂಗ್ ಹೋದ ತಿಂಗಳ ಕುದುರೆಯದ್ದು. ಓಡುವುದು ಈ ತಿಂಗಳ ಕುದುರೆ.

ಒಂದು ರೇಸು ಊಹಿಸಿಕೊಳ್ಳಿ. 20ರಿಂದ 45ರ ಕ್ಲಾಸು, 1200 ಮೀಟರ್, ಹತ್ತು ಕುದುರೆ. ಒಂದು ಕುದುರೆ ಹೋದ ಸಲ ಇದೇ ದೂರದಲ್ಲಿ ಮೂರು ಲೆಂತ್‌ನಿಂದ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ) ಗೆದ್ದಿದೆ. ರೇಟಿಂಗ್ 8 ಏರಿದೆ, ಅಂದರೆ 4 ಕೆಜಿ ಜಾಸ್ತಿ. ಆದರೂ ಜನ ಅದರ ಹಿಂದೆಯೇ, ಹತ್ತಕ್ಕೆ 20 ಅಷ್ಟೇ. ಇನ್ನೊಂದು ಮೇಲಿನ ಕ್ಲಾಸಿನಲ್ಲಿ ಒದ್ದಾಡಿ ಈಗ ಕೆಳಗಿಳಿದು ಬಂದಿದೆ, ಟಾಪ್ ತೂಕ, ವಯಸ್ಸು ಆರು. ಮೂರನೆಯದು ಎಳೆಯದು. ಕಳೆದ ಸಲ ಐದನೇದಾಗಿ ಬಂತು. ಕಾರ್ಡಿನಲ್ಲಿ ಕಾಣುವುದು "5" ಅಷ್ಟೇ. ಆದರೆ ವಿಡಿಯೋ ಹಾಕಿ ನೋಡಿದರೆ ತಿರುವಿನಲ್ಲಿ ಎದುರಿಗೆ ಗೋಡೆ ಹಾಗೆ ಮೂರು ಕುದುರೆ, ಜಾಕಿ ಕಡಿವಾಣ ಎಳೆದು ಹಿಡಿಯಬೇಕಾಯಿತು, ದಾರಿ ಸಿಕ್ಕಿದ್ದು ಕೊನೆಯ 150 ಮೀಟರಿನಲ್ಲಿ, ಅಲ್ಲಿಂದ ನಾಲ್ಕು ಕುದುರೆ ದಾಟಿತು. ಅದಕ್ಕೇ ನಾನು ಹೇಳುವುದು, ರೇಸ್ ವಿಡಿಯೋ ಎರಡು ಸಲ ನೋಡಬೇಕು, ಎರಡನೇ ಸಲ ಗೆದ್ದ ಕುದುರೆ ಮೇಲೆ ಕಣ್ಣೇ ಹಾಕಬಾರದು.

ನನ್ನ ಪೆನ್ಸಿಲ್ ಮೊದಲನೆಯದಕ್ಕೆ 35 ಕೊಡುತ್ತದೆ, ಎರಡನೆಯದಕ್ಕೆ 10, ಎಳೆಯದಕ್ಕೆ 18. ಉಳಿದದ್ದು ಮಿಕ್ಕ ಏಳಕ್ಕೆ ಹಂಚಿಹೋಯಿತು. ಈಗ ಬೋರ್ಡ್ ನೋಡಿದರೆ ಎಳೆಯದಕ್ಕೆ ಹತ್ತಕ್ಕೆ 80 ತೋರಿಸುತ್ತಿದೆ. ಜನ ಕೊಟ್ಟಿರುವುದು 12.5. ಗೆಲ್ಲುವ ಅವಕಾಶ ಜಾಸ್ತಿ ಇರುವುದು ಮೊದಲನೆಯದಕ್ಕೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಅದಕ್ಕೆ ನಾನು ಕೊಟ್ಟ 35ರ ಎದುರು ಜನ 50 ಕೊಟ್ಟಿದ್ದಾರೆ, ಎಳೆಯದಕ್ಕೆ ನನ್ನ 18ರ ಎದುರು 12.5 ಅಷ್ಟೇ. ಹಾಗಾಗಿ ದುಡ್ಡು ಹಾಕಬೇಕಾದ್ದು ಎಳೆಯದಕ್ಕೆ. ಇದು ನನ್ನ ಗೆಳೆಯನ ತಲೆಗೆ ಹೋಗುವುದೇ ಇಲ್ಲ. "ಅದು ಗೆಲ್ಲುತ್ತೆ ಅಂತೀಯ, ಇದಕ್ಕೆ ಹಾಕು ಅಂತೀಯ, ತಲೆ ಸರಿ ಇದೆಯಾ?" ಅನ್ನುತ್ತಾನೆ. ಅವನ ತಪ್ಪಿಲ್ಲ. ಈ ರೀತಿ ಆಡಿದರೆ ನೂರರಲ್ಲಿ 82 ಸಲ ಸೋಲುತ್ತೀರಿ, ಪ್ರತಿ ಸಲವೂ ಪಕ್ಕದಲ್ಲಿ ಯಾರೋ ಒಬ್ಬ "ಫೇವರಿಟ್ ಬಂತಲ್ಲ, ನಾನು ಹೇಳಿರಲಿಲ್ವಾ" ಅನ್ನುತ್ತಿರುತ್ತಾನೆ.

ದೂರವೂ ಮುಖ್ಯ. 1200 ಮೀಟರ್ ಅಂದರೆ ಸುಮಾರು ಒಂದೂಕಾಲು ನಿಮಿಷದ ಆಟ, ಗೇಟಿನಿಂದ ಅರ್ಧ ಸೆಕೆಂಡ್ ತಡವಾಗಿ ಹೊರಬಂದರೆ ಮೂರು ಲೆಂತ್ ಹೋಯಿತು. 2000 ಮೀಟರಿನಲ್ಲಿ ಅದನ್ನು ತುಂಬಿಕೊಳ್ಳಬಹುದು, ಆದರೆ ಅಲ್ಲಿ ಹೊತ್ತ ತೂಕ ಜಾಸ್ತಿ ಕಾಡುತ್ತದೆ. ಮೊದಲ ಸಲ ಓಡುವ ಕುದುರೆಯಾದರೆ ಅಪ್ಪ ಅಮ್ಮ ಎಷ್ಟು ದೂರದ ಓಟ ಗೆದ್ದಿದ್ದರು ಅಂತ ನೋಡುವುದು ಬಿಟ್ಟರೆ ದಾರಿಯಿಲ್ಲ. ಹಾಸನದಿಂದ ಬೆಂಗಳೂರಿಗೆ ಹೋಗುವಾಗ ಕುಣಿಗಲ್ ಬರುತ್ತದಲ್ಲ, ಅಲ್ಲಿನ ಕುದುರೆ ಫಾರಂ ಟಿಪ್ಪು ಕಾಲದಿಂದ ಇದೆ ಅನ್ನುತ್ತಾರೆ. ಆಗ ಸೈನ್ಯಕ್ಕೆ ಕುದುರೆ, ನಮ್ಮ ಕಾಲಕ್ಕೆ ರೇಸಿಗೆ. ಬಸ್ಸು ಆ ಕಡೆ ಹಾದುಹೋಗುವಾಗೆಲ್ಲ ಕುತ್ತಿಗೆ ಚಾಚಿ ನೋಡುತ್ತೇನೆ, ಮರ ಬಿಟ್ಟು ಏನೂ ಕಂಡಿಲ್ಲ.

ಮಳೆ ವಿಷಯದಲ್ಲಿ ಮಾತ್ರ ನಾವು ಮಲೆನಾಡಿನವರು ಒಂದು ಹೆಜ್ಜೆ ಮುಂದೆ. ಮೂಡಿಗೆರೆ ಕಡೆ ಎಸ್ಟೇಟುಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ರೇಸ್ ಕೋರ್ಸಿನಲ್ಲೂ ಅಂಥ ಒಂದು ಪುಸ್ತಕ ಇದೆ, ಆದರೆ ಅಲ್ಲಿ ಅಳೆಯುವುದು ಮಳೆಯನ್ನಲ್ಲ, ನೆಲವನ್ನು. ಪೆನೆಟ್ರೋಮೀಟರ್ ಅನ್ನುವ ಸಲಾಕೆಯನ್ನು ಹುಲ್ಲಿನೊಳಗೆ ಇಳಿಸಿ ಎಷ್ಟು ಒಳಗೆ ಹೋಯಿತು ಅಂತ ನೋಡುತ್ತಾರೆ. ನಂಬರ್ ಏರಿದಷ್ಟೂ ನೆಲ ಮೆತ್ತಗೆ. ಗಟ್ಟಿ ನೆಲದಲ್ಲಿ ಹಾರುವ ಕುದುರೆ ಕೆಸರಲ್ಲಿ ಕಾಲು ಎತ್ತುವುದೇ ಇಲ್ಲ, ಕೆಲವಕ್ಕೆ ಕೆಸರೇ ಹಬ್ಬ. ಕಳೆದ ಓಟಗಳ ದಿನ ಆ ನಂಬರ್ ಎಷ್ಟಿತ್ತು ಅಂತ ಹೋಲಿಸಿ ನೋಡುವವರು ನೂರರಲ್ಲಿ ಐದು ಜನ ಸಿಕ್ಕರೆ ಪುಣ್ಯ. ಎಲ್ಲರೂ ನೋಡುವುದು ಜಾಕಿ ಹೆಸರನ್ನು. ಸೂರಜ್ ನರೇಡು ಹತ್ತುತ್ತಾರೆ ಅಂದ ಕೂಡಲೇ ರೇಟು ಬಿದ್ದುಹೋಗುತ್ತದೆ. ಅವರು ದೊಡ್ಡ ಜಾಕಿ, ಎರಡು ಮಾತಿಲ್ಲ. ಆದರೆ ಆ ದೊಡ್ಡತನಕ್ಕೆ ನೀವು ಆಗಲೇ ಬೆಲೆ ಕೊಟ್ಟಾಯಿತು, ರೇಟಿನಲ್ಲೇ ಕಟ್ ಆಯಿತು. ಅಪ್ರೆಂಟಿಸ್ ಹುಡುಗರಿಗೆ, ಅಂದರೆ ಇನ್ನೂ ಕಲಿಯುತ್ತಿರುವ ಜಾಕಿಗಳಿಗೆ, ತೂಕದಲ್ಲಿ ರಿಯಾಯಿತಿ ಇರುತ್ತದೆ, ಒಳ್ಳೆ ಹುಡುಗ ಸಿಕ್ಕರೆ ಕೆಲವೊಮ್ಮೆ ಅದೇ ಲಾಭ.

ಬೆಳಗಿನ ಪ್ರಾಕ್ಟೀಸಿನ ಟೈಮುಗಳನ್ನು ನಾನು ಅರ್ಧ ನಂಬುತ್ತೇನೆ. 600 ಮೀಟರ್ 38 ಸೆಕೆಂಡ್ ಅಂತ ಬರೆದಿರುತ್ತಾರೆ. ಮೇಲೆ ಕೂತವನ ತೂಕ ಎಷ್ಟು, ಕುದುರೆ ಒಳಗಿನ ಬೇಲಿ ಹತ್ತಿರ ಓಡಿತೋ ಮಧ್ಯದಲ್ಲೋ, ತಾನಾಗೇ ಓಡಿತೋ ತಳ್ಳಿಸಿಕೊಂಡು ಓಡಿತೋ, ಇದೆಲ್ಲ ಆ 38ರಲ್ಲಿ ಇರುವುದಿಲ್ಲ.

ಇನ್ನು ಟಿಪ್ಸ್. ಇದನ್ನು ಹೇಳುವುದಕ್ಕೆ ನಾಚಿಕೆ, ಆದರೂ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮೈಸೂರಿನಲ್ಲಿ ಟೀ ಅಂಗಡಿ ಹತ್ತಿರ ಒಬ್ಬ ಮನುಷ್ಯ ನನ್ನ ಕಿವಿಯಲ್ಲಿ ಒಂದು ನಂಬರ್ ಹೇಳಿದ. ಲಾಯದ ಒಳಗಿನ ಸುದ್ದಿ ಅಂದ. ನಾನು ಬೆಳಗಿನಿಂದ ಪೆನ್ಸಿಲ್ ಹಿಡಿದು ಆ ಕುದುರೆಗೆ 6 ಕೊಟ್ಟಿದ್ದೆ. ಆರು! ಅಳಿಸಿ 30 ಮಾಡಿದೆ. ಮೆಣಸು ಮಾರಿ ಬಂದ ದುಡ್ಡಲ್ಲಿ ಮೂರು ಸಾವಿರ ಹಾಕಿದೆ. ಕುದುರೆ ಒಂಬತ್ತನೇದಾಗಿ ಬಂತು. ಆಮೇಲೆ ನೋಡಿದರೆ ಆ ಮನುಷ್ಯ ಇನ್ನೊಬ್ಬನ ಕಿವಿ ಹತ್ತಿರ ಇದ್ದ, ಕೈ ಬೆರಳಲ್ಲಿ ತೋರಿಸುತ್ತಿದ್ದದ್ದು ಬೇರೆ ನಂಬರ್. ಹತ್ತು ಕುದುರೆ, ಹತ್ತು ಕಿವಿ, ಒಬ್ಬನಾದರೂ ಗೆದ್ದು ಬಂದು ಭಕ್ಷೀಸು ಕೊಟ್ಟೇ ಕೊಡುತ್ತಾನಲ್ಲ.

ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ಹೊಡೆಸುವ ಪ್ಯಾಡಕ್ ಮಾತ್ರ ನನಗೆ ತುಂಬ ಇಷ್ಟ. ಅಲ್ಲಿ ನಿಂತರೆ ತಾತನ ನೆನಪು. ರಾಮನಾಥಪುರದ ಜಾತ್ರೆಗೆ ದನ ನೋಡಲು ಹೋದರೆ ಅವರು ಮೊದಲು ನೋಡುತ್ತಿದ್ದದ್ದು ನಡಿಗೆ, ಆಮೇಲೆ ಹಲ್ಲು, ಆಮೇಲೆ ಸುಳಿ. ರೇಟು ಮಾತಾಡುವುದು ಟವೆಲ್ ಕೆಳಗೆ, ಬೆರಳು ಹಿಡಿದು. ಮಜಾ ಏನೆಂದರೆ ರೇಸ್ ಕುದುರೆಯ ಪಾಸ್‌ಪೋರ್ಟಿನಲ್ಲೂ ಸುಳಿ ಎಲ್ಲೆಲ್ಲಿದೆ ಅಂತ ಚಿತ್ರ ಬರೆದು ಗುರುತು ಹಾಕಿರುತ್ತಾರೆ. ಅದೃಷ್ಟಕ್ಕಲ್ಲ, ಕುದುರೆ ಬದಲಾಯಿಸದ ಹಾಗೆ. ನಾನು ಪ್ಯಾಡಕ್‌ನಲ್ಲಿ ನೋಡುವುದು ಕಡಿಮೆ ಸಂಗತಿ: ತೊಡೆ ಸಂದಿಯಲ್ಲಿ ಬೆವರಿನ ನೊರೆ ಬಂದಿದೆಯಾ, ಹಿಂಗಾಲು ಸಲೀಸಾಗಿ ಮುಂದೆ ಬೀಳುತ್ತಿದೆಯಾ, ಕಿವಿ ಎತ್ತ ಕಡೆ ಇದೆ. ಇಷ್ಟರಿಂದ ಒಂದು ಕುದುರೆಯ ಅಂದಾಜನ್ನು ಎರಡು ಮೂರು ಪಾಯಿಂಟ್ ಇಳಿಸಬಹುದು. ಏರಿಸುವುದಿಲ್ಲ. ಚೆಂದ ಕಂಡದ್ದಕ್ಕೆಲ್ಲ ಏರಿಸುತ್ತಾ ಹೋದರೆ ಕೂಡಿದಾಗ ನೂರು ದಾಟಿಬಿಡುತ್ತದೆ.

ಈಗ ಪಕ್ಕಕ್ಕಿಟ್ಟ ಗೋಳು. 1996ರಲ್ಲಿ ಸುಪ್ರೀಂ ಕೋರ್ಟ್ ಕೆ.ಆರ್. ಲಕ್ಷ್ಮಣನ್ ಮೊಕದ್ದಮೆಯಲ್ಲಿ ಕುದುರೆ ರೇಸು ಬರೀ ಅದೃಷ್ಟದ ಆಟವಲ್ಲ, ಇದರಲ್ಲಿ ಜಾಣ್ಮೆಯದ್ದೇ ಹೆಚ್ಚು ಪಾಲು ಅಂತ ಹೇಳಿತು. ನಮ್ಮ ಅಮ್ಮನಿಗೆ ಇದನ್ನು ಓದಿ ಹೇಳಿದೆ. "ಕೋರ್ಟಿನವರು ಬಂದು ನಿನ್ನ ಮನೆ ಸಾಲ ಕಟ್ಟುತ್ತಾರಾ?" ಅಂದರು. ಜಾಣ್ಮೆಯ ಆಟ ಅಂದರೂ ತೆರಿಗೆ ಮಾತ್ರ ಜೂಜಿನ ಸಾಲಿನಲ್ಲೇ. ಜಿಎಸ್‌ಟಿ 28% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 40% ಆಯಿತು, ಅದೂ ಗೆದ್ದ ದುಡ್ಡಿನ ಮೇಲಲ್ಲ, ಹಾಕಿದ ದುಡ್ಡಿನ ಮೇಲೆ. ಮೇಲಿನ ಎಳೆ ಕುದುರೆ ಲೆಕ್ಕಕ್ಕೇ ವಾಪಸ್ ಬನ್ನಿ. ನನ್ನ 18 ಅನ್ನುವ ಅಂದಾಜು ಪಕ್ಕಾ ಸರಿ ಅಂತಲೇ ಇಟ್ಟುಕೊಳ್ಳಿ. ಅಂಥ ನೂರು ರೇಸಿಗೆ ಹತ್ತರಂತೆ ಸಾವಿರ ರೂಪಾಯಿ ಹಾಕಿದೆ. 18 ಸಲ ಗೆದ್ದು 80ರಂತೆ 1,440 ಬಂತು. ಹತ್ತರ ಮೇಲೆ ನಾಲ್ಕು ರೂಪಾಯಿ ತೆರಿಗೆ ಅಂತ ಹಿಡಿದರೆ ನನ್ನ ಕೈಯಿಂದ ಹೋದದ್ದು 1,400. ಉಳಿದದ್ದು 40 ರೂಪಾಯಿ. ನೂರು ರೇಸು ಓದಿ, ನೂರು ವಿಡಿಯೋ ಎರಡೆರಡು ಸಲ ನೋಡಿ, 82 ಸಲ ಬೈಸಿಕೊಂಡು, ಎರಡು ಕಾಫಿ ದುಡ್ಡು. ನಮ್ಮ ಮಾವ ಆಗಿದ್ದರೆ ಗೇಟಿನಿಂದಲೇ ವಾಪಸ್ ಬರುತ್ತಿದ್ದರು.

ಹಾಗಾದರೆ ಯಾಕೆ ಹೋಗುತ್ತೀಯ ಅಂತ ಕೇಳಬಹುದು. ಓದುವುದಕ್ಕೆ ಹೋಗುತ್ತೇನೆ. ಪೆನ್ಸಿಲ್‌ನಲ್ಲಿ 18 ಅಂತ ಬರೆದ ಕುದುರೆ ಕೊನೆಯ 200 ಮೀಟರಿನಲ್ಲಿ ಸಂದು ಹುಡುಕಿಕೊಂಡು ನುಗ್ಗುವುದನ್ನು ನೋಡುವುದಿದೆಯಲ್ಲ, ಅದಕ್ಕೆ ಹತ್ತು ರೂಪಾಯಿ ಟಿಕೆಟ್ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಏಳು ರೇಸಿನಲ್ಲಿ ನನಗೆ ಓದಲು ಬರುವುದು ಎರಡೋ ಮೂರೋ. ಉಳಿದವಕ್ಕೆ ಕಾರ್ಡಿನ ಮೇಲೆ ಅಡ್ಡ ಗೆರೆ ಹೊಡೆದು ಚುರುಮುರಿ ತಿನ್ನುತ್ತಾ ಚಾಮುಂಡಿ ಬೆಟ್ಟ ನೋಡುತ್ತಾ ಕೂರುತ್ತೇನೆ. ತೋಟ ಮಾರಿ ಆಡಿದವರ ಕಥೆ ನಮ್ಮ ಕಡೆ ಸಾಕಷ್ಟಿದೆ, ಅವರಲ್ಲಿ ಅಡ್ಡ ಗೆರೆ ಹೊಡೆದವರು ಒಬ್ಬರೂ ಇರಲಿಕ್ಕಿಲ್ಲ.

ಮುಂದಿನ ಸಲ ಮೈಸೂರಿಗೆ ಹಾಸನದ ಭಾವನ ಜೊತೆ ಹೊರಡುತ್ತಿದ್ದೇನೆ. ಕಾರಲ್ಲಿ ಎರಡು ಸೀಟು ಖಾಲಿ ಇದೆ. ಬೆಳಿಗ್ಗೆ ಬೇಗ ಬಿಡುವುದು, ತಿಂಡಿ ಹೊಳೆನರಸೀಪುರದಲ್ಲಿ. ಪೆನ್ಸಿಲ್ ನೀವೇ ತನ್ನಿ. ದಾರಿಯಲ್ಲಿ "ಯಾವುದು ಹೊಡೆಯುತ್ತೆ" ಅಂತ ಕೇಳಿದವರನ್ನು ಕೆ.ಆರ್. ನಗರದಲ್ಲಿ ಇಳಿಸಿ ಹೋಗುವುದು ಅಂತ ಭಾವ ಆಗಲೇ ಹೇಳಿದ್ದಾರೆ.