ಹರಿದ ಕವರ್ರೇ ಇರಲಿ ಮಾರಾಯ್ರೆ

ರೆಕಾರ್ಡ್, ಅಂದ್ರೆ ಹಾಡಿನ ಪ್ಲೇಟು ಕೂಡಿಡೋ ಹುಚ್ಚು ಇರೋರ ಜೊತೆ ನಂಗೆ ಜಗಳ ಆಗೋದು ಒಂದೇ ವಿಷಯಕ್ಕೆ, ಕಂಡೀಷನ್. ಬೇರೆ ಯಾವ ಪ್ಲೇಟಿಗಾದ್ರೂ ಸರಿ, ಡಿಎನ್ಎ ಅಂಥ ನೋ ವೇವ್ (ಎಪ್ಪತ್ತರ ದಶಕದ ಕೊನೇಲಿ ನ್ಯೂಯಾರ್ಕಲ್ಲಿ ಹುಟ್ಟಿದ ಗದ್ದಲದ ರಾಕ್) ಬ್ಯಾಂಡಿನ ಪ್ಲೇಟೂ 'ನಿಯರ್ ಮಿಂಟ್', ಅಂದ್ರೆ ಹೆಚ್ಚುಕಮ್ಮಿ ಹೊಸದರ ಹಾಗೇ ಇರ್ಬೇಕು, ಒಂದು ಗೀರೂ ಇರಬಾರ್ದು ಅಂತ ಹಠ ಹಿಡಿಯೋರಿಗೆ ಏನ್ ಹೇಳೋದು! ಆ ಬ್ಯಾಂಡಿನ ಆರ್ಟೊ ಲಿಂಡ್ಸೆ ಗಿಟಾರ್ ಕೇಳಿದೀರಾ? ಕಾರ್ಡ್ಸ್ ಗೀರ್ಡ್ಸ್ ಕಲಿಯೋ ಗೋಜಿಗೇ ಹೋಗ್ದೆ ಹನ್ನೆರಡು ತಂತಿ ಗಿಟಾರನ್ನ ಕೆರೆದು ಪರಚಿ ಮಧ್ಯೆ ಮಧ್ಯೆ ಕಿರುಚ್ತಾನೆ, ಅದ್ರಲ್ಲಿ ಗೀರಿನ ಸದ್ದು ಯಾವ್ದು ಗಿಟಾರ್ ಸದ್ದು ಯಾವ್ದು ಅಂತ ನಂಗಂತೂ ಗೊತ್ತಾಗಲ್ಲ. ಡ್ರಮ್ಸಿಗೆ ಇಕುಯೆ ಮೋರಿ, 1977ರಲ್ಲಿ ಜಪಾನಿಂದ ನ್ಯೂಯಾರ್ಕಿಗೆ ಬಂದೋಳು, ಬ್ಯಾಂಡ್ ಸೇರೋಕೆ ಮುಂಚೆ ಡ್ರಮ್ಸ್ ಬಾರಿಸಿ ಗೊತ್ತೇ ಇರ್ಲಿಲ್ಲ. ಅದೇ ಮೋರಿಗೆ 2022ರಲ್ಲಿ ಅಮೆರಿಕದ ದೊಡ್ಡ ಗೌರವ ಮೆಕಾರ್ಥರ್ ಫೆಲೋಶಿಪ್ ಬಂತು, ಆ ಮಾತು ಬೇರೆ.

1982ಕ್ಕೆಲ್ಲಾ ಬ್ಯಾಂಡ್ ಮುಗೀತು. ಇದ್ದಷ್ಟು ದಿನ ಬಿಟ್ಟಿದ್ದೂ ಸ್ವಲ್ಪಾನೇ, 1978ರ ಒಂದು ಸಿಂಗಲ್, ಅದೇ ವರ್ಷ ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೋ ನಿರ್ಮಾಣ ಮಾಡಿದ 'ನೋ ನ್ಯೂಯಾರ್ಕ್' ಸಂಕಲನದಲ್ಲಿ ನಾಲ್ಕು ಹಾಡು, 1981ರಲ್ಲಿ 'ಎ ಟೇಸ್ಟ್ ಆಫ್ ಡಿಎನ್ಎ' ಅಂತ ಆರು ಹಾಡಿನ ಇಪಿ (ಆಲ್ಬಮಿಗಿಂತ ಚಿಕ್ಕ ಪ್ಲೇಟು), ಅದೂ ಸುಮಾರು ಹತ್ತೇ ನಿಮಿಷ. ಟೀ ಕುದಿಯೋಕೆ ಇಟ್ಟು ಬರೋಷ್ಟರಲ್ಲಿ ಒಂದು ಸೈಡ್ ಮುಗಿದಿರುತ್ತೆ!

ಆದ್ರೆ ನಂಗೆ ಇಷ್ಟ 'ನೋ ನ್ಯೂಯಾರ್ಕ್' ಮೊದಲ ಪ್ರೆಸ್ಸಿಂಗೇ, ಅಂದ್ರೆ ಮೊದಲ ಸಲ ಅಚ್ಚಾದ ಪ್ಲೇಟೇ. ಡಿಎನ್ಎ ಜೊತೆ ಕಾಂಟಾರ್ಷನ್ಸ್, ಟೀನೇಜ್ ಜೀಸಸ್, ಮಾರ್ಸ್, ನಾಲ್ಕು ಬ್ಯಾಂಡು ಹದಿನಾರು ಹಾಡು. ಅದ್ರಲ್ಲೊಂದು ಕಿತಾಪತಿ ಇದೆ, ಹಾಡಿನ ಸಾಹಿತ್ಯಾನ ಒಳಗಿನ ಪೇಪರ್ ಕವರಿನ ಒಳಮೈಮೇಲೆ ಪ್ರಿಂಟ್ ಮಾಡಿದಾರೆ, ಸರಿಯಾಗಿ ಓದ್ಬೇಕು ಅಂದ್ರೆ ಕವರ್ ಹರೀಲೇಬೇಕು. ಈಗ ನೋಡಿದ್ರೆ 'ಕವರ್ ಹರಿದಿಲ್ಲ' ಅನ್ನೋದನ್ನೇ ದೊಡ್ಡದಾಗಿ ಹೇಳ್ಕೊಂಡು ಮಾರ್ತಾರೆ, ಅಂದ್ರೆ ಇಷ್ಟು ವರ್ಷ ಅದನ್ನ ಇಟ್ಕೊಂಡೋರು ಯಾರೂ ಅದ್ರಲ್ಲಿ ಏನ್ ಬರ್ದಿದೆ ಅಂತ ನೆಟ್ಟಗೆ ಓದೇ ಇಲ್ಲ, ಅದಕ್ಕೇ ನಾವು ಜಾಸ್ತಿ ದುಡ್ಡು ಕೊಡ್ಬೇಕಂತೆ! ನಂಗೆ ಹರಿದಿರೋ ಕಾಪಿನೇ ಬೇಕು, ಯಾರೋ ಪುಣ್ಯಾತ್ಮ ಆಗಿನ ಕಾಲದಲ್ಲೇ ತಡೀಲಾರ್ದೆ ಹರಿದು ಓದಿರ್ತಾನೆ.

ಬರೀ ಕೇಳೋಕೆ ಪ್ಲೇಟ್ ಯಾಕೆ, ಆನ್‌ಲೈನಲ್ಲಿ ಸಿಗುತ್ತಲ್ಲ ಅನ್ನೋರಿಗೆ, ಹೌದು ಸಿಗುತ್ತೆ, 2004ರಲ್ಲಿ 'ಡಿಎನ್ಎ ಆನ್ ಡಿಎನ್ಎ' ಅಂತ ಸಿಡಿನೂ ಬಂದಿದೆ, ದುಡ್ಡಿಲ್ಲದಿದ್ರೆ ಅದನ್ನೇ ಕೇಳಿ, ಸಂಗೀತ ಏನೂ ಕಮ್ಮಿ ಆಗಲ್ಲ. ಸಂಗ್ರಹ ಅನ್ನೋದು ಚಟ, ಅದಕ್ಕೆ ಕಾರಣ ಕೇಳ್ಬೇಡಿ. ಯಾರ ಹತ್ರಾನಾದ್ರೂ ಕವರ್ ಹರಿದಿರೋ ಕಾಪಿ ಇದ್ರೆ ಇನ್‌ಬಾಕ್ಸಿಗೆ ಬನ್ನಿ, ರೇಟ್ ಮಾತ್ರ ಹರಿದ ಕವರಿನ ರೇಟೇ.