18ರ ಪಿಚರ್‌ಗೆ ಡ್ರಾಫ್ಟ್‌ನ ಮೊದಲ ಸರದಿ ಕೊಡಬಹುದಾ?

ಹಾಸನ, ಚಿಕ್ಕಮಗಳೂರಿನ ಎಂಟು ಜನ ಸೇರಿ ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್ ಅನ್ನುವ ಕಂಪ್ಯೂಟರ್ ಗೇಮ್‌ನಲ್ಲಿ ಒಂದು ಲೀಗ್ ನಡೆಸುತ್ತಿದ್ದೇವೆ. ಇದರಲ್ಲಿ ನಮ್ಮದು ಮ್ಯಾನೇಜರ್ ಕೆಲಸ. ಆಟಗಾರರನ್ನು ಆರಿಸಬೇಕು, ಬೆಳೆಸಬೇಕು, ಸಂಬಳ ಹೊಂದಿಸಬೇಕು. ಭಾನುವಾರ ಹೊಸ ಹುಡುಗರ ಡ್ರಾಫ್ಟ್ ಇದೆ, ಅಂದರೆ ತಂಡಗಳು ಸರದಿಯಂತೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುವುದು. ಒಬ್ಬ ಹೈಸ್ಕೂಲ್ ಪಿಚರ್ (ಚೆಂಡು ಎಸೆಯುವವನು) ಬಗ್ಗೆ ನಮ್ಮಿಬ್ಬರ ವಾದ ಮುಗಿಯಲೇ ಇಲ್ಲ. ಅದಕ್ಕೇ ಇಬ್ಬರೂ ಬರೆದಿದ್ದೇವೆ.

ಪರ: ಚಿಕ್ಕಮಗಳೂರಿನಿಂದ

ಮೊದಲ ಸರದಿ ಹಾಸನದ ತಮ್ಮನದು, ಎರಡನೆಯದು ನನ್ನದು. ನಾನು ಸುಮ್ನಿದ್ದರೆ ಹುಡುಗ ನನಗೇ ಸಿಗಬಹುದು. ಆದರೂ ಹೇಳುತ್ತೇನೆ, ತಗೋ ತಮ್ಮಾ.

ಪರದೆ ಮೇಲೆ ಅವನನ್ನು ನೋಡು. 18 ವರ್ಷ, ಎಡಗೈ. ಸ್ಕೌಟ್‌ಗಳು 20ರಿಂದ 80ರವರೆಗಿನ ಅಳತೆಯಲ್ಲಿ ಅಂಕ ಕೊಡುತ್ತಾರೆ, 50 ಅಂದರೆ ಬೇಸ್‌ಬಾಲ್‌ನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನ ಸಾಧಾರಣ ಮಟ್ಟ. ಇವನ ಫಾಸ್ಟ್‌ಬಾಲ್ (ವೇಗದ ಎಸೆತ) ಮುಂದೆ 70 ಆಗಬಹುದು, ಕರ್ವ್ (ತಿರುಗುವ ಎಸೆತ) 65. ಚೇಂಜಪ್ (ವೇಗ ತಗ್ಗಿಸಿ ಮೋಸಗೊಳಿಸುವ ಎಸೆತ) ಈಗ 35, ನಾಳೆ 55. ಹತೋಟಿ ಮಾತ್ರ ಇನ್ನೂ 30, ಅದೇ ಎಲ್ಲರನ್ನೂ ಹೆದರಿಸುತ್ತಿರುವುದು. ಕೆಳಗಿನ ಸಾಲಿನಲ್ಲಿ ಕಾಲೇಜಿನ 21ರ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಇದ್ದಾನೆ. ಯಾವುದರಲ್ಲಿ ನೋಡಿದರೂ 50, 55. ಎರಡು ವರ್ಷದಲ್ಲಿ ತಂಡಕ್ಕೆ ಬರುತ್ತಾನೆ, ಅವನನ್ನು ಆರಿಸಿದ್ದಕ್ಕೆ ಯಾರೂ ಬೈಯುವುದಿಲ್ಲ.

ಆದರೆ 50ರ ಆಟಗಾರ ದುಡ್ಡು ಕೊಟ್ಟರೆ ಯಾವ ವರ್ಷ ಬೇಕಾದರೂ ಸಿಗುತ್ತಾನೆ. 70ರ ಪಿಚರ್‌ನನ್ನು ಯಾರು ಬಿಟ್ಟುಕೊಡುತ್ತಾರೆ? ಟ್ರೇಡ್ (ಆಟಗಾರರ ಅದಲುಬದಲು) ಕೇಳಿದರೆ ನಿನ್ನ ಮೂರು ಒಳ್ಳೇ ಹುಡುಗರನ್ನು ಎದುರಿಗಿಡು ಅನ್ನುತ್ತಾರೆ. ಡ್ರಾಫ್ಟ್‌ನಲ್ಲಿ ತಂದು ಬೆಳೆಸಿದರೆ ಮೇಲಿನ ತಂಡ ಸೇರಿದ ಮೇಲೂ ಆರು ವರ್ಷದ ಸೇವೆ ಮುಗಿಯುವ ತನಕ ಅವನು ನಿನ್ನವನೇ, ಅದರಲ್ಲೂ ಮೊದಲ ಮೂರು ವರ್ಷ ಸಂಬಳ ತೀರಾ ಕಮ್ಮಿ. ನಮ್ಮಂಥ ಸಣ್ಣ ಬಜೆಟ್ ತಂಡಕ್ಕೆ ಬೇರೆ ದಾರಿ ಎಲ್ಲಿದೆ?

2006ರಲ್ಲಿ ಮೇಜರ್ ಲೀಗ್ ತಂಡಗಳು ನಡೆಸಿದ ನಿಜವಾದ ಡ್ರಾಫ್ಟ್ ನೆನೆಸಿಕೋ. ಕ್ಲೇಟನ್ ಕರ್ಶಾ ಆಗ ಟೆಕ್ಸಾಸ್‌ನ ಹೈಸ್ಕೂಲ್ ಹುಡುಗ, ಆಯ್ಕೆಯಾಗಿದ್ದು ಏಳನೆಯವನಾಗಿ. ಅವನಿಗಿಂತ ಮೊದಲು ಹೋದ ಆರು ಜನರಲ್ಲಿ ಐದು ಜನ ಪಿಚರ್‌ಗಳೇ, ಐವರೂ ಕಾಲೇಜಿನಲ್ಲಿ ಆಡಿ ಬಂದವರು. ಆ ಐದೂ ತಂಡದವರು 'ಬೇಗ ತಯಾರಾಗುವವನು ಸಾಕು' ಅಂದುಕೊಂಡರು ಅಂತ ನನಗನ್ನಿಸುತ್ತದೆ. ಕರ್ಶಾ ಎರಡೇ ವರ್ಷಕ್ಕೆ, 20ನೇ ವಯಸ್ಸಿನಲ್ಲಿ, ಡಾಡ್ಜರ್ಸ್ ಪರ ಮೇಜರ್ ಲೀಗ್‌ನಲ್ಲಿ ಚೆಂಡು ಹಿಡಿದ. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಮೂರು ಸಲ ಗೆದ್ದ, 2025ರಲ್ಲಿ 3000 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಮುಟ್ಟಿದ.

ಕೈ ಮುರಿದರೆ ಅನ್ನುತ್ತೀಯ. ಶ್ರೀನಾಥ್ 1997ರಲ್ಲಿ ಭುಜಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೂ 2003ರ ವಿಶ್ವಕಪ್ ಫೈನಲ್‌ವರೆಗೆ ಬೌಲಿಂಗ್ ಮಾಡಲಿಲ್ವಾ?

ನಮ್ಮ ಕಡೆ ಅರೇಬಿಕಾ ಗಿಡ ನೆಟ್ಟವರು ಮೂರು ನಾಲ್ಕು ವರ್ಷ ಫಸಲು ಕಾಣುವುದಿಲ್ಲ. ಆ ವರ್ಷಗಳಲ್ಲೂ ಕೆಲಸ ನಿಲ್ಲುವುದಿಲ್ಲ, ಮರಗಸಿ ಮಾಡಿ ನೆರಳು ಹದ ಮಾಡುತ್ತಾರೆ, ಸತ್ತ ಗಿಡದ ಜಾಗಕ್ಕೆ ಬೇರೆ ಗಿಡ ಇಡುತ್ತಾರೆ. ಈ ಹುಡುಗನೂ ಅಷ್ಟೇ. ಹತೋಟಿ 40 ಮುಟ್ಟುವ ತನಕ ಮೇಲಿನ ಹಂತಕ್ಕೆ ಕಳಿಸಬೇಡ. ಕಾಯುವ ತಾಳ್ಮೆ ಇದ್ದರೆ ಇವನಂಥ ಪಿಚರ್ ಹತ್ತು ವರ್ಷಕ್ಕೊಮ್ಮೆ ಸಿಗುವುದು.

ವಿರೋಧ: ಹಾಸನದಿಂದ

ಅಣ್ಣಾ, ನೀವು ಒಂದು ಹೆಸರು ಹೇಳಿದಿರಿ, ನಾನು ಮೂರು ಹೇಳುತ್ತೇನೆ. ಆ ನಿಜವಾದ ಡ್ರಾಫ್ಟ್ ಶುರುವಾಗಿದ್ದು 1965ರಲ್ಲಿ. ಅಲ್ಲಿಂದ 2025ರವರೆಗೆ ಹೈಸ್ಕೂಲ್ ಪಿಚರ್ ಮೊಟ್ಟಮೊದಲ ಆಯ್ಕೆಯಾಗಿದ್ದು ಮೂರೇ ಸಲ. 1973ರಲ್ಲಿ ಡೇವಿಡ್ ಕ್ಲೈಡ್. ಟೆಕ್ಸಾಸ್ ತಂಡದವರು ಅವನನ್ನು ಶಾಲೆಯಿಂದ ಸೀದಾ ಮೇಜರ್ ಲೀಗ್‌ಗೆ ತಂದು ನಿಲ್ಲಿಸಿದರು, ಕೊನೆಗೆ ಅವನ ಲೆಕ್ಕ 18 ಗೆಲುವು, 33 ಸೋಲು. 1991ರಲ್ಲಿ ಬ್ರಿಯೆನ್ ಟೇಲರ್, ಜಗಳವೊಂದರಲ್ಲಿ ಭುಜ ಹೋಯಿತು, ಮೇಜರ್ ಲೀಗ್ ನೋಡಲೇ ಇಲ್ಲ. 2014ರಲ್ಲಿ ಬ್ರೇಡಿ ಏಕೆನ್, ಮೊಣಕೈ ಬಗ್ಗೆ ತಕರಾರು ಬಂದು ಒಪ್ಪಂದವೇ ಆಗಲಿಲ್ಲ, ಮರುವರ್ಷ ಶಸ್ತ್ರಚಿಕಿತ್ಸೆ. ಅವನೂ ಮೇಜರ್ ಲೀಗ್ ಮುಟ್ಟಲಿಲ್ಲ.

ಶ್ರೀನಾಥ್ ವಿಷಯಕ್ಕೆ ಬಂದರೆ, ಆ ಜಾವಗಲ್ ನಮ್ಮ ಜಿಲ್ಲೆಯದೇ, ಅಭಿಮಾನ ನನಗೂ ಇದೆ. ಆದರೆ ಭುಜ ನೋವಾದಾಗ ಅವರಿಗೆ 27. ಬೌಲಿಂಗ್ ಪೂರ್ತಿ ಕಲಿತು ಮುಗಿದಿತ್ತು. 18ರ ಹುಡುಗ ಕಲಿಯುವ ವರ್ಷಗಳನ್ನೇ ಕಳೆದುಕೊಳ್ಳುತ್ತಾನೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂರು ಸೀಸನ್ ಹಿಂದೆ ಇಂಥದ್ದೇ ಒಬ್ಬನನ್ನು ಮೊದಲ ಸುತ್ತಿನಲ್ಲೇ ತಗೊಂಡೆ. ಒಂದು ರಾತ್ರಿ ವಾರದ ಫಲಿತಾಂಶ ತೆರೆದರೆ ಅವನ ಹೆಸರಿನ ಪಕ್ಕ ಗಾಯದ ಗುರುತು, ಮೊಣಕೈಯ ಸ್ನಾಯುಬಂಧ ಹರಿದಿದೆ, 13 ತಿಂಗಳು ಆಡುವಂತಿಲ್ಲ. ವಾಪಸ್ ಬಂದಾಗ 70 ಆಗಬೇಕಿದ್ದ ಫಾಸ್ಟ್‌ಬಾಲ್ 50ಕ್ಕೆ ಇಳಿದಿತ್ತು. ಅವತ್ತು ನಾನು ಬಿಟ್ಟ ಸೆಂಟರ್‌ಫೀಲ್ಡರ್ ಈಗಲೂ ಪ್ರತಿ ಸಲ ನಮ್ಮ ತಂಡದ ಮೇಲೇ ರನ್ ಹೊಡೆಯುತ್ತಾನೆ. ಮನಸ್ಸಿಗೆ ತುಂಬಾ ಬೇಜಾರಾಗುತ್ತದೆ ಅಣ್ಣಾ.

ಇನ್ನೊಂದು ವಿಷಯ. ನೀವು ಹೇಳಿದ ಆ 70 ಒಬ್ಬ ಸ್ಕೌಟ್‌ನ ಅಂದಾಜು. ಅದೇ ಹುಡುಗನಿಗೆ ಇನ್ನೊಂದು ವರದಿಯಲ್ಲಿ 55 ಇದೆ. ಕಾಲೇಜು ಹುಡುಗನಾದರೆ ಮೂರು ವರ್ಷದ ಆಟ ಎದುರಿಗಿರುತ್ತದೆ, ಊಹೆ ಕಮ್ಮಿ.

ನಮ್ಮಲ್ಲಿ ಜಲಂಧರ್‌ನಿಂದ ಆಲೂಗಡ್ಡೆ ಬಿತ್ತನೆ ಬೀಜ ಬರುತ್ತದೆ. ಗೆಡ್ಡೆ ಎಷ್ಟೇ ಚೆನ್ನಾಗಿರಲಿ, ಒಂದು ವಾರ ಮೋಡ ಮುಚ್ಚಿ ಜಡಿಮಳೆ ಹಿಡಿದರೆ ಅಂಗಮಾರಿ ಬಂದು ಹೊಲ ಕರಕಲಾಗುತ್ತದೆ. ಅದಕ್ಕೇ ತಿಳಿದವರು ಇರುವ ಭೂಮಿಗೆಲ್ಲಾ ಆಲೂಗಡ್ಡೆಯನ್ನೇ ಹಾಕುವುದಿಲ್ಲ, ಪಕ್ಕದಲ್ಲಿ ಜೋಳ, ರಾಗಿ ಇರುತ್ತದೆ.

ಪಿಚರ್‌ಗಳು ಬೇಡ ಅನ್ನುತ್ತಿಲ್ಲ. ನಮ್ಮ ಡ್ರಾಫ್ಟ್ 20 ಸುತ್ತು ಇದೆ. ಮೊದಲ ಎರಡು ಸುತ್ತಿನಲ್ಲಿ ಬ್ಯಾಟರ್‌ಗಳು, ಆಮೇಲೆ ಸಾಲಾಗಿ ಏಳೆಂಟು ಪಿಚರ್‌ಗಳು, ಅದರಲ್ಲಿ ಒಬ್ಬಿಬ್ಬರು ಉಳಿದರೂ ಸಾಕು. ಪಿಚರ್ ಜೇಕಬ್ ಡಿಗ್ರಾಮ್ 2010ರ ನಿಜವಾದ ಡ್ರಾಫ್ಟ್‌ನಲ್ಲಿ ಒಂಬತ್ತನೇ ಸುತ್ತಿನಲ್ಲಿ ಸಿಕ್ಕವನು. ಕಾಲೇಜಿನಲ್ಲಿ ಶಾರ್ಟ್‌ಸ್ಟಾಪ್ ಆಡುತ್ತಿದ್ದ. ಅದೇ ವರ್ಷ ಅವನ ಮೊಣಕೈಗೂ ಶಸ್ತ್ರಚಿಕಿತ್ಸೆ ಆಯಿತು, ಆದರೆ ಒಂಬತ್ತನೇ ಸುತ್ತಿನವನು ಒಂದು ವರ್ಷ ಕೂತರೆ ಯಾವ ತಂಡವೂ ಮುಳುಗುವುದಿಲ್ಲ. 2018, 2019, ಎರಡೂ ವರ್ಷ ಸೈ ಯಂಗ್ ಅವನದೇ.

ಹಾಗಾಗಿ ಭಾನುವಾರ ನಾನು ಶಾರ್ಟ್‌ಸ್ಟಾಪ್ ಹೆಸರನ್ನೇ ಒತ್ತುತ್ತೇನೆ. ಹುಡುಗ ನಿಮಗೆ ಉಳಿಯುತ್ತಾನೆ. ಒಂದೇ ಕೇಳಿಕೊಳ್ಳುವುದು ಅಣ್ಣಾ, ಅವನ ಪಿಚ್ ಎಣಿಕೆ (ಒಂದು ಪಂದ್ಯದಲ್ಲಿ ಎಸೆಯುವ ಚೆಂಡುಗಳು) 80 ದಾಟದ ಹಾಗೆ ಮಿತಿ ಹಾಕಿಬಿಡಿ, ಅದೂ ಮೊದಲನೇ ದಿನವೇ. ನಾನು ಹಾಕಿರಲಿಲ್ಲ.